ಪೋಸ್ಟ್‌ಮ್ಯಾನ್ ದಾರಿ ತಪ್ಪಿದ್ದು

ರಿಟೈರಾದ ಪೋಸ್ಟ್‌ಮ್ಯಾನ್ ಊರು ಬಿಡುವ ದಿನ ಲಾರಿಯವನಿಗೆ ದಾರಿ ಹೇಳಿದ್ದೇ ಎಡವಟ್ಟಾಯಿತು.

"ನೋಡಪ್ಪಾ, ಬಾವಿ ಹತ್ತಿರ ಎಡಕ್ಕೆ ತಿರುಗು. ದೊಡ್ಡ ಮರ ಸಿಗತ್ತೆ. ಅಲ್ಲಿಂದ ಮೂರನೇ ಮನೆ," ಎಂದು ಫೋನಿನಲ್ಲಿ ಹೇಳಿ, ಕಟ್ಟಿಟ್ಟ ಗಂಟುಮೂಟೆಗಳ ಮೇಲೆ ಕಾಲು ಚಾಚಿ ಕೂತರು.

ಮೂವತ್ತೈದು ವರ್ಷ ಈ ಊರಿಗೆ ಕಾಗದ ಹಂಚಿದ ಮನುಷ್ಯ. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ನಾಟಕ ಆಡುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಆಗ ಅವರ ಸೈಕಲ್ ಬೆಲ್ಲು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಜಗಲಿಯ ಮೇಲೆ ಕೂರಿಸಿ ನೀರು ಕೊಡುವವರಿದ್ದರು. ಈಗ ಬೆಲ್ಲು ಹಾಗಿರಲಿ, ಪಕ್ಕದಲ್ಲೇ ಕೂತ ಹೆಂಡತಿಯ ಬೈಗುಳವೂ ಕೇಳುವುದಿಲ್ಲ. ಧೂಳು, ಹಾರನ್ನು, ದಿನ ಬಿಟ್ಟು ದಿನ ನೀರು. ಸಾಕಪ್ಪಾ ಸಾಕು ಎಂದು ಮನೆಯನ್ನು ಬ್ರೋಕರ್ ಮೂಲಕ ಬಾಡಿಗೆಗೆ ಕೊಟ್ಟು, ಅವನೇ ತೋರಿಸಿದ ಬೆಟ್ಟದ ತಪ್ಪಲಿನ ಪುಟ್ಟ ಊರಿನಲ್ಲಿ, ಕೆರೆ ಪಕ್ಕದ ಹಸಿರು ಗೇಟಿನ ಮನೆ ಹಿಡಿದಿದ್ದರು. ಉಳಿದ ನಾಲ್ಕು ದಿನ ಅಲ್ಲಿ ನೆಮ್ಮದಿಯಾಗಿ ಉಸಿರಾಡಬೇಕು, ಅಷ್ಟೇ ಆಸೆ.

ಫೋನು ಹೊಡೆದುಕೊಂಡಿತು. "ಯಜಮಾನ್ರೇ, ಇಲ್ಲಿ ಯಾವ ಬಾವೀನೂ ಇಲ್ಲ!"

"ಮುಚ್ಚಿಬಿಟ್ರಲ್ಲಯ್ಯಾ! ಬಾವಿ ಇದ್ದ ಜಾಗದಿಂದ ಎಡಕ್ಕೆ."

"ಅದು ನಂಗೆ ಹೇಗೆ ಗೊತ್ತಾಗ್ಬೇಕು? ಮನೆ ನಂಬರ್ ಹೇಳಿ."

ನಂಬರು ಮೂರು ಸಲ ಬದಲಾಗಿತ್ತು. ಎದುರುಮನೆ ಟೈಲರ್ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಓಡಿಬಂದು ಫೋನು ಕಸಿದರು. "ಅವರ ಮಾತು ಬಿಡು, ಟಾಕೀಸ್ ಮುಂದೆ ಬಾ!"

"ಯಾವ ಟಾಕೀಸು?"

"ಕೆಡವಿದ್ರಲ್ಲ, ಅದೇ!"

"ಗಿರಣಿ ಹೇಳ್ರೀ, ಗಿರಣಿ!" ಎಂದು ಪೋಸ್ಟ್‌ಮ್ಯಾನ್ ಹೆಂಡತಿ ಒಳಗಿನಿಂದ ಕೂಗಿದರು. ಗಿರಣಿ ಹೋಗಿ ಹತ್ತು ವರ್ಷವಾಗಿತ್ತು. ಇಲ್ಲದ ಊರಿಗೆ ಮೂವರೂ ದಾರಿ ಹೇಳಿದ್ದರಿಂದ ಲಾರಿಯವನು ಗಾಣದೆತ್ತಿನ ಹಾಗೆ ಸುತ್ತಿ, ಒನ್‌ವೇಗೆ ನುಗ್ಗಿ, ಪೊಲೀಸರ ಕೈಗೆ ಸಿಕ್ಕಿಬಿದ್ದ.

"ಅಲ್ಲೇ ಇರು, ನಾನೇ ಬರ್ತೀನಿ," ಎಂದು ಪೋಸ್ಟ್‌ಮ್ಯಾನ್ ಹಳೇ ಸೈಕಲ್ ಏರಿದರು. ಹೊಸ ಫ್ಲೈಓವರ್ ಹತ್ತಿದ್ದು ಗೊತ್ತು, ಎಲ್ಲಿ ಇಳಿದರೋ ಗೊತ್ತಾಗಲಿಲ್ಲ. ಸುತ್ತ ಗಾಜಿನ ಕಟ್ಟಡಗಳು. ವಾಪಸ್ ಮನೆ ಸೇರಿದರೆ ಸಾಕೆಂದು ಕಾವಲುಗಾರನೊಬ್ಬನನ್ನು ಕೇಳಿದರು. "ಪೋಸ್ಟ್‌ಮ್ಯಾನ್ ಮನೆ ಎಲ್ಲಪ್ಪಾ?"

"ಯಾವ ಪೋಸ್ಟ್‌ಮ್ಯಾನು?"

ಕಣ್ಣು ತುಂಬಿ ಬಂತು. ಇಲ್ಲೇ ಎಲ್ಲೋ ಒಬ್ಬ ಅಜ್ಜಿ ಮಗನ ಕಾಗದವನ್ನು ಇವರಿಂದಲೇ ಎರಡೆರಡು ಸಲ ಓದಿಸುತ್ತಿದ್ದಳು. ಆ ಬಾಗಿಲು ಯಾವ ಗಾಜಿನ ಹಿಂದೆ ಹೋಯಿತೋ.

ಸಂಜೆ ಹೇಗೋ ಮನೆ ಸೇರಿದರೆ ಲಾರಿ ಬಾಗಿಲಲ್ಲೇ ನಿಂತಿತ್ತು. ದಂಡ ಕಟ್ಟಿಸಿಕೊಂಡ ಪೊಲೀಸರೇ ದಾರಿ ತೋರಿಸಿ ಕಳಿಸಿದ್ದರಂತೆ. ಬೊಕ್ಕತಲೆಯ ಹಿರಿಯರೊಬ್ಬರು ಅದರಿಂದ ಮಂಚ ಇಳಿಸುತ್ತಿದ್ದರು.

"ನಾನು ನಿಮ್ಮ ಹೊಸ ಬಾಡಿಗೆದಾರ. ಖಾಲಿ ಲಾರಿ ಯಾಕೆ ಬರ್ಬೇಕು ಅಂತ ಬ್ರೋಕರ್ ನನ್ನ ಸಾಮಾನೂ ಇದರಲ್ಲೇ ಹಾಕಿಸಿದ. ನಮ್ಮೂರಲ್ಲಿ ಇನ್ನು ಬದುಕೋಕಾಗಲ್ಲ ಸ್ವಾಮಿ. ಈ ಬೀದಿ ತಣ್ಣಗಿದೆ ಅಂದ."

"ಯಾವ ಊರು ನಿಮ್ದು?"

"ಬೆಟ್ಟದ ತಪ್ಪಲು. ಹಸಿರು ಗೇಟಿನ ಮನೇಲಿದ್ದೆ."

ಪೋಸ್ಟ್‌ಮ್ಯಾನ್ ಸೈಕಲ್ ಬಿಟ್ಟು ಹತ್ತಿರ ಬಂದರು. "ಪಕ್ಕದಲ್ಲಿ ಕೆರೆ...?"

"ಹೋದ ತಿಂಗಳೇ ಮುಚ್ಚಿದ್ರು. ಬಸ್‌ಸ್ಟ್ಯಾಂಡ್ ಬರ್ತಿದೆ."

ಎರಡೂ ಮನೆಯ ಮುಂಗಡ ಕೊಟ್ಟಾಗಿತ್ತು; ಇವರ ಸಾಮಾನೆಲ್ಲ ಲಾರಿಗೇರಿತು. ಟೈಲರ್ ಕಣ್ಣೊರೆಸಿಕೊಂಡು ಕೇಳಿದರು. "ಬಿಡುವಾದಾಗ ನೋಡೋಕೆ ಬರ್ತೀನಿ ಸ್ವಾಮಿ. ಹೊಸ ಮನೆಗೆ ದಾರಿ ಹೇಗೆ?"

ಪೋಸ್ಟ್‌ಮ್ಯಾನ್ ಲಾರಿ ಹತ್ತುತ್ತಾ ಹೇಳಿದರು.

"ಕೆರೆ ಇದ್ದ ಜಾಗದಿಂದ ಎಡಕ್ಕೆ."