ಜಾಜ್ ಉತ್ಸವದಲ್ಲಿ ನಾನು ತಡೆದ ಚಪ್ಪಾಳೆ

ಅನ್ಯಾಯ ಕಂಡರೆ ಎದ್ದು ನಿಲ್ಲುವ ರೋಗ ನನಗೆ ಅಂಟಿದ್ದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ. ಅಲ್ಲಿ ಭಾಷಣಕಾರರನ್ನು ಕೆಳಗಿಳಿಸಲು ಕೊಳೆತ ಟೊಮೆಟೊ ಬೇಕಿರಲಿಲ್ಲ. ಮಾತಿನ ನಡುವೆ ಹಿಂದಿನ ಬೆಂಚಿನವರು ಜೋರಾಗಿ ಚಪ್ಪಾಳೆ ತಟ್ಟಿದರೆ ಮುಗಿಯಿತು. ಸಾಕು, ಇಳಿ ಎಂದು ಅರ್ಥ. ನಾನು ಎಷ್ಟು ಸಲ ಹಾಗೆ ಇಳಿದಿದ್ದೇನೆ ಎನ್ನುವುದು ಇಲ್ಲಿ ಅಪ್ರಸ್ತುತ. ಒಮ್ಮೆ ಇಳಿಯದೆ ವಾದಿಸುತ್ತಲೇ ನಿಂತದ್ದಕ್ಕೆ ಬಹುಮಾನವೂ ಬಂದಿತ್ತು. ಸಮಾಧಾನಕರ ಬಹುಮಾನ.

ಅಂಥ ನನ್ನನ್ನು ರಿಚರ್ಡ್ಸ್ ಟೌನಿನ ಪಾರ್ಕಿನಲ್ಲಿ ನಡೆದ ಜಾಜ್ ಉತ್ಸವಕ್ಕೆ ಕರೆದವರು ನಮ್ಮ ಮೇಲಿನ ಮಹಡಿಯ ಡೆನ್ನಿಸ್ ಅಂಕಲ್. ಬಹಳ ವರ್ಷ ಚರ್ಚಿನಲ್ಲಿ ಟ್ರಂಪೆಟ್ ಊದಿದವರು, ಹೊರಗೆಲ್ಲೂ ಊದಿದವರಲ್ಲ. ಈಗ ಮುಂದಿನ ಹಲ್ಲು ಅಲ್ಲಾಡುತ್ತಿತ್ತು, ಮನೆಯವರು ಟ್ರಂಪೆಟ್ ಮಾರಿಬಿಡಿ ಎನ್ನುತ್ತಿದ್ದರು. ಅಷ್ಟರಲ್ಲಿ ಉತ್ಸವದವರು ಸ್ಥಳೀಯರಿಗೆಂದು ಬಿಟ್ಟಿದ್ದ ಒಂದು ಹಾಡಿನ ಅವಕಾಶ ಇವರಿಗೆ ಸಿಕ್ಕಿತು. ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಈ ಸಲ ಜನ ಮನಸ್ಸಿಟ್ಟು ಕೇಳ್ಲಿಲ್ಲಾಂದ್ರೆ ಪೆಟ್ಟಿಗೆ ಮುಚ್ಚಿಬಿಡ್ತೀನಮ್ಮ, ಇನ್ನು ಊದಲ್ಲ" ಎಂದರು. ಅವರ ಅಭ್ಯಾಸದ ದೆಸೆಯಿಂದ ಭಾನುವಾರದ ನಿದ್ದೆ ಕಳೆದುಕೊಂಡಿದ್ದ ನಾನು ಖುಷಿಪಡಬೇಕಿತ್ತು. ಬದಲಿಗೆ ಮುಂದಿನ ಸಾಲಿನಲ್ಲೇ ಕೂರುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಪಾರ್ಕಿನ ಗೇಟಿನಲ್ಲಿ 'ಪ್ರವೇಶ ಉಚಿತ' ಎಂಬ ದೊಡ್ಡ ಬೋರ್ಡು. ಹಿಂದಿನ ದಿನದವರೆಗೂ ನಾವೆಲ್ಲ ಅಲ್ಲಿಗೆ ಉಚಿತವಾಗಿಯೇ ಹೋಗುತ್ತಿದ್ದೆವು. ಈಗ ಅದು ಇವರ ಔದಾರ್ಯವಾಗಿಬಿಟ್ಟಿತ್ತು. ಒಳಗೆ ಸಮುದಾಯದ ಚಟುವಟಿಕೆಗಳು. ಒಂದು ಕಡೆ ಮಕ್ಕಳ ಮುಖಕ್ಕೆ ಹುಲಿ ಬಣ್ಣ, ಇನ್ನೊಂದು ಕಡೆ ದೊಡ್ಡವರು ಸುತ್ತ ಕೂತು ಡೋಲು ಬಡಿದು ಮನಸ್ಸು ಹಗುರ ಮಾಡಿಕೊಳ್ಳುವುದು. ದಿನಾ ವಾಕಿಂಗ್ ಬರುವ ಹಿರಿಯರು ಹುಲಿಗಳಿಗೆ ದಾರಿ ಬಿಟ್ಟು ಹುಲ್ಲಿನ ಮೇಲೆ ನಿಂತಿದ್ದರು. ಜಾಜ್ ಎಂದರೆ ಜನಸಾಮಾನ್ಯರ ಸಂಗೀತ ಎಂದು ನಿರೂಪಕ ಘೋಷಿಸಿದ, ಜನಸಾಮಾನ್ಯರಿಗೆ ತಿಳಿಯದ ಇಂಗ್ಲಿಷಿನಲ್ಲಿ. ಯಾವ ಜನ ಎಂದು ಸ್ವಯಂಸೇವಕಿಯೊಬ್ಬಳನ್ನು ಕೇಳಿದೆ. ಅವಳು ನನ್ನ ಕೈಗೆ ಒಂದು ಬಲೂನು ಕೊಟ್ಟಳು.

ಇದನ್ನೂ ಸಹಿಸಬಹುದಿತ್ತು. ಆದರೆ ಸ್ಯಾಕ್ಸೋಫೋನಿನವನು ಪಾಪ, ಕಣ್ಣು ಮುಚ್ಚಿ ನುಡಿಸುತ್ತಿದ್ದಾಗ, ಹಾಡು ಇನ್ನೂ ಅರ್ಧದಲ್ಲಿರುವಾಗಲೇ ಜನ ಚಪ್ಪಾಳೆ ತಟ್ಟಿದರು. ಅವನು ತಲೆ ಬಗ್ಗಿಸಿ ಹಿಂದೆ ಸರಿದ. ಪಿಯಾನೋದವನಿಗೂ ಅದೇ ಗತಿ. ಕರೆಸಿ ಒಬ್ಬೊಬ್ಬರನ್ನೇ ಓಡಿಸುವ ಈ ಸಂಸ್ಕೃತಿಯನ್ನು ಕಂಡು ನನ್ನ ಮೈ ಉರಿಯಿತು. ಮುಂದಿನ ಸರದಿ ಡೆನ್ನಿಸ್ ಅಂಕಲ್‌ದು. ಕರಿ ಸೂಟು ತೊಟ್ಟು ಅವರು ಮೈಕಿನವನ ಜೊತೆ ಏನೋ ಮಾತಾಡುತ್ತಿದ್ದಾಗ ನಾನು ಎದ್ದು ಜನರತ್ತ ತಿರುಗಿದೆ.

"ಇವ್ರು ನಮ್ಮೋರು. ಮುಗಿಯೋವರೆಗೂ ಒಬ್ರೂ ಚಪ್ಪಾಳೆ ತಟ್ಟಕೂಡದು. ತಟ್ಟಿದ್ರೆ ನಾನು ಸುಮ್ನಿರಲ್ಲ."

ಅವರು ಚರ್ಚಿನ ಹಳೆಯ ಹಾಡೊಂದನ್ನು ಜಾಜ್ ತಂಡದ ಜೊತೆ ಊದಿದರು. ನಡುವೆ ಮೇಲೆದ್ದ ಕೈಗಳನ್ನೆಲ್ಲ ನಾನು ಕಣ್ಣಲ್ಲೇ ಇಳಿಸಿದೆ. ಹಾಡು ಮುಗಿದಾಗ ಜನ ಅಪ್ಪಣೆಗಾಗಿ ನನ್ನ ಮುಖ ನೋಡುತ್ತಿದ್ದರು. ಗೆದ್ದ ಹೆಮ್ಮೆಯಲ್ಲಿ ಅಪ್ಪಣೆ ಕೊಡಲು ನಾನು ಮರೆತೆ. ಒಂದೇ ಒಂದು ಚಪ್ಪಾಳೆ ಬೀಳಲಿಲ್ಲ.

ಪಕ್ಕದಲ್ಲಿದ್ದ ಜುಟ್ಟಿನ ಯುವಕ ಮೆಲ್ಲಗೆ ವಿವರಿಸಿದ: ಜಾಜಿನಲ್ಲಿ ಒಬ್ಬರು ಒಂಟಿಯಾಗಿ ನುಡಿಸಿ ಮುಗಿಸಿದಾಗ ಹಾಡಿನ ನಡುವೆಯೇ ತಟ್ಟುವುದು ಪದ್ಧತಿ, ಅದು ಮೆಚ್ಚುಗೆ. ಹಾಗಿದ್ದರೆ ಅದನ್ನು ಗೇಟಿನಲ್ಲಿ ಬರೆಯಬೇಕಿತ್ತು ಎಂದು ವಾದಿಸಿದೆ. ಅಷ್ಟರಲ್ಲಿ ಡೆನ್ನಿಸ್ ಅಂಕಲ್ ಕಣ್ಣೊರೆಸಿಕೊಳ್ಳುತ್ತ ಇಳಿದು ಬಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ನೋಡಿದ್ಯಾಮ್ಮ? ಬೇರೆಯವ್ರಿಗೆಲ್ಲಾ ನಡುನಡುವೆ ಗದ್ದಲ. ನಂಗೆ ಮಾತ್ರ ಚರ್ಚಲ್ಲಿ ಕೂತಂಗೆ ಕೂತು ಕೇಳಿದ್ರು. ಹಲ್ಲು ಹೋದ್ರೆ ಕಟ್ಟಿಸ್ಕೊಂಡು ಊದ್ತೀನಿ."

ಜುಟ್ಟಿನವನು, "ಇಲ್ಲ ಸರ್, ಅದು..." ಎಂದು ಶುರುಮಾಡಿದ. ನಾನು ಅವನ ಪಾದವನ್ನು ಹಿಮ್ಮಡಿಯಿಂದ ಬಲವಾಗಿ ತುಳಿದೆ.

"ಹೌದು ಸರ್" ಎಂದ ಅವನು, ಮುಖ ಹಿಂಡಿಕೊಂಡು. "ತುಂಬಾ ಭಕ್ತಿಯಿಂದ ಕೇಳಿದ್ವಿ."

ಎದುರು ಪಕ್ಷದವರು ಇಷ್ಟು ಬೇಗ ನನ್ನ ವಾದ ಒಪ್ಪಿದ್ದು ಅದೇ ಮೊದಲು.