ಸಿದ್ಧಾಂತಕ್ಕಾಗಿ ಹುರಿದ ಕೋಳಿಗಳು

ಬಾಯಿ ಮುಚ್ಚಿಕೊಂಡಿದ್ದರೆ ಎಲಿಸೆಯೊ ಪಾರಿಯೋನಾ ಆ ಭಾನುವಾರವೂ ಎಂದಿನಂತೆ ನಾಲ್ಕು ಬೀಗದ ಕೈ ಕೊರೆದು, ಮಧ್ಯಾಹ್ನ ಒಂದು ನಿದ್ದೆ ತೆಗೆದು, ಸಂಜೆ ದೋನ್ ಗುಮೆರ್ಸಿಂದೊನ ಕಂಪ್ಯೂಟರ್ ಅಂಗಡಿಯ ಮೂಲೆಯಲ್ಲಿ ಕೂತು ಜಗತ್ತನ್ನು ಗೆಲ್ಲುತ್ತಿದ್ದ.

ಆಟದ ಹೆಸರು 'ಏಳು ಕೋಟೆ'. ಕಲ್ಲು ಒಟ್ಟಬೇಕು, ಸೈನ್ಯ ಕಟ್ಟಬೇಕು, ಎದುರಾಳಿಯ ಕೋಟೆ ಹಿಡಿಯಬೇಕು. ಆರು ವರ್ಷಗಳಿಂದ ಎಲಿಸೆಯೊ ಕಂಪ್ಯೂಟರನ್ನು ಸೋಲಿಸುತ್ತಲೇ ಬಂದಿದ್ದ. ಲೀಮಾ ನಗರದ ಕೋಮಾಸ್ ಗುಡ್ಡದ ಆ ಕೇರಿಯಲ್ಲಿ ಅವನೇ ಚಾಂಪಿಯನ್. ಆದರೆ ಮನುಷ್ಯರೆದುರು ಅವನು ಒಂದೇ ಒಂದು ಆಟವನ್ನೂ ಆಡಿರಲಿಲ್ಲ. ಆಡಿದರೆ ಮಣ್ಣುಮುಕ್ಕುವುದು ಖಾತ್ರಿ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದು ಅವನೊಬ್ಬನಿಗೇ.

ಯಾರಾದರೂ ಕರೆದರೆ ಮೊದಲೆಲ್ಲ ಬೆನ್ನುನೋವು, ಕಣ್ಣುರಿ ಎಂದು ತಪ್ಪಿಸಿಕೊಳ್ಳುತ್ತಿದ್ದ. ಹೋದ ವರ್ಷ ಆಟದ ಕಂಪನಿಯೇ ಅವನನ್ನು ಕಾಪಾಡಿತು. ಒಬ್ಬರೇ ಆಡಿದರೆ ಪುಕ್ಕಟೆ, ಒಬ್ಬರೊಡನೊಬ್ಬರು ಆಡಬೇಕಾದರೆ ಅಂಗಡಿಯವರು ವರ್ಷಕ್ಕೆ ನಾನ್ನೂರು ಸೋಲ್ ಕಟ್ಟಬೇಕು ಎಂದು ಹೊಸ ನಿಯಮ ತಂದಿತು. ಗುಮೆರ್ಸಿಂದೊ ಕಟ್ಟಲಿಲ್ಲ. ಎಲಿಸೆಯೊ ಅವತ್ತು ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದ.

ಭಾನುವಾರ ಬೆಳಿಗ್ಗೆ ದೊಡ್ಡ ರಸ್ತೆಯ ಆಚೆಯ ಕೇರಿಯ ಆಟೋ ಚಾಲಕ ಫ್ರೋಯ್ಲಾನ್ ಬಂದು ಎಲಿಸೆಯೊನ ಬೀಗದ ಗೂಡಂಗಡಿಯ ಮುಂದೆ ನಿಂತ. ಅವನೂ ಅವನ ಕೇರಿಯ ಚಾಂಪಿಯನ್ನೇ.

"ಏನ್ ಚಾಂಪಿಯನ್ರೇ, ಇವತ್ತಾದ್ರೂ ಆಡ್ತೀರೋ, ಇಲ್ಲ ಎದೆ ಡವಡವ ಅಂತಿದ್ಯೋ?"

ಅಕ್ಕಪಕ್ಕದವರು ಕಿವಿ ನಿಮಿರಿಸಿದರು. ಎಲಿಸೆಯೊ ಎದೆಯುಬ್ಬಿಸಿದ. "ನಿಂಗೆ ನಾನು ಹೆದರೋದಾ? ಪಕ್ಕದ ಮನೆಯವನ ಜೊತೆ ಆಡೋದಕ್ಕೂ ದುಡ್ಡು ಕೀಳೋ ಕಳ್ಳರು ಅವರು! ಅಂಥವರಿಗೆ ಕಾಸು ಬಿಚ್ಚಬಾರದು. ಇದು ಸಿದ್ಧಾಂತ ಕಣಯ್ಯಾ."

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಜನ ತಲೆದೂಗುವುದನ್ನು ಕಂಡು ಉಬ್ಬಿಹೋದ. "ಆ ನಾನ್ನೂರು ಸೋಲ್ ಒಂದಿದ್ದಿದ್ರೆ ಸಿದ್ಧಾಂತಾನೂ ಪಕ್ಕಕ್ಕಿಟ್ಟು ಈ ಸಂಜೇನೇ ನಿನ್ನ ಕೋಟೆ ಪುಡಿಪುಡಿ ಮಾಡ್ತಿದ್ದೆ!"

ಈ ಮಾತು ಸೆನ್ಯೋರಾ ಹೆರ್ಮೆಲಿಂದಾಳ ಕಿವಿಗೆ ಬಿತ್ತು. ಆಕೆ ಕೇರಿಯ ಸಾರ್ವಜನಿಕ ಅಡುಗೆಮನೆಯ ಯಜಮಾನಿ. ಅಡುಗೆಮನೆಗೆ ಹೊಸ ಸೂರು ಹಾಕಿಸಲು ಅವತ್ತೇ ಪೊಯಾದಾ ಇಟ್ಟಿದ್ದಳು. ಯಾರಿಗೇ ಕಷ್ಟ ಬಂದರೂ ಕೋಳಿ ಹುರಿದು, ಚೀಟಿ ಮಾರಿ ದುಡ್ಡೆತ್ತುವುದು ಅಲ್ಲಿನ ರೂಢಿ. ಮಸಾಲೆಯಲ್ಲಿ ನೆನೆಸಿದ ಕೋಳಿ ಬಕೆಟ್‌ಗಟ್ಟಲೆ ಸಿದ್ಧವಿತ್ತು.

"ಕೇಳಿದ್ರಾ? ನಮ್ಮ ಹುಡುಗನ್ನ ದುಡ್ಡಿಲ್ಲ ಅಂತ ಹೊರಗಿನವನು ಹಂಗಿಸ್ತಿದ್ದಾನೆ!" ಎಂದು ಆಕೆ ಸೌಟು ಎತ್ತಿದಳು. "ಇವತ್ತಿನ ಪೊಯಾದಾ ಎಲಿಸೆಯೊಗೆ! ಒಪ್ಪೋರು ಕೈ ಎತ್ತಿ!"

"ಸೆನ್ಯೋರಾ, ಸೂರು!" ಎಂದು ಎಲಿಸೆಯೊ ಗಾಬರಿಯಿಂದ ಕೂಗಿದ.

"ಲೀಮಾದಲ್ಲಿ ಯಾವ ಮಳೆ ಸುರೀತದೆ ಮಗನೇ? ಸೂರು ಕಾಯ್ತದೆ, ಮರ್ಯಾದೆ ಕಾಯಲ್ಲ."

ಎಲ್ಲರೂ ಕೈ ಎತ್ತಿದರು. ಫ್ರೋಯ್ಲಾನ್ ಅಂತೂ ಎರಡೂ ಕೈ ಎತ್ತಿದ.

ಪೊಯಾದಾ ಯಾರ ಸಲುವಾಗಿಯೋ ಅವರೇ ತಟ್ಟೆ ಹೊರಬೇಕು. ಸೊಂಟಕ್ಕೆ ಹೂವಿನ ಏಪ್ರನ್ ಕಟ್ಟಿಕೊಂಡ ಎಲಿಸೆಯೊ, ಹೇಗಾದರೂ ವ್ಯಾಪಾರ ಕೆಡಿಸಲೇಬೇಕೆಂದು ಪಣತೊಟ್ಟ. ಮೊದಲ ಗಿರಾಕಿಯ ಕಿವಿಯಲ್ಲಿ, "ಒಳಗೆ ಹಸಿಹಸಿ ಇದೆ, ತಿನ್ಬೇಡಿ" ಎಂದು ಪಿಸುಗುಟ್ಟಿದ. ಹೆರ್ಮೆಲಿಂದಾ ಕೇಳಿಸಿಕೊಂಡಳು.

"ಹಸೀನಾ? ನನ್ನ ಕೋಳಿ ಹಸೀನಾ? ಎಲ್ಲಿ, ತಿಂದು ತೋರ್ಸು!"

ಬೀದಿಯ ನಡುವೆ ನಿಲ್ಲಿಸಿ ಎರಡು ತೊಡೆ ತಿನ್ನಿಸಿದಳು. ಅವನು ಬೆರಳು ನೆಕ್ಕುವುದನ್ನು ನೋಡಿ ಇನ್ನೂ ಹತ್ತು ಜನ ಚೀಟಿ ಕೊಂಡರು.

ಆಮೇಲೆ ಸಾಲಿನ ಕೊನೆಗೆ ಹೋಗಿ, "ಕೋಳಿ ಮುಗೀತು, ಮನೆಗೆ ಹೋಗಿ" ಎಂದ.

"ಮುಗಿದ್ರೆ ಮುಗೀಲಿ, ಕೋಳಿ ಯಾರಿಗ್ಬೇಕು? ತಗೋ ದುಡ್ಡು" ಎಂದು ಜನ ಅವನ ಏಪ್ರನ್ ಜೇಬಿಗೆ ನೋಟು ತುರುಕಿದರು. ಬಾಯಲ್ಲಿ ಒಂದು ಹಲ್ಲೂ ಇಲ್ಲದ ವಿಧವೆ ದೋನ್ಯಾ ಎದುವಿಹೆಸ್ ಎರಡು ಚೀಟಿ ಕೊಂಡು ಅವನ ಕೆನ್ನೆ ಸವರಿದಳು. "ಗೆದ್ದು ಬಾರಪ್ಪ. ನೀನು ಗೆಲ್ಲೋದು ನೋಡಿ ಕಣ್ಣು ಮುಚ್ತೀನಿ."

ಎಲಿಸೆಯೊಗೆ ಇಷ್ಟು ಪ್ರೀತಿಸುವ ಜನರ ಕಣ್ಣೆದುರು ಸೋಲುವುದಕ್ಕಿಂತ ಗೂಡಂಗಡಿಯನ್ನೇ ಮಾರಿ ಊರು ಬಿಡುವುದು ವಾಸಿ ಅನ್ನಿಸಿತು.

ನಾಲ್ಕು ಗಂಟೆಗೆ ನಾನ್ನೂರು ತುಂಬಿ ಮೇಲೆ ಮೂವತ್ತು ಉಳಿಯಿತು. ಗುಮೆರ್ಸಿಂದೊ ಮೊಬೈಲ್ ಹಿಡಿದು ಈ ಚಾರಿತ್ರಿಕ ಗಳಿಗೆಯನ್ನು ಚಿತ್ರೀಕರಿಸಲು ನಿಂತ. ಫ್ರೋಯ್ಲಾನ್ ಬೆರಳು ನೆಟಿಗೆ ಮುರಿದ. ಆಗ ಎಲಿಸೆಯೊಗೆ ಪ್ರಾಣಭಯದಲ್ಲಿ ಮಾತ್ರ ಹೊಳೆಯುವಂಥ ಉಪಾಯವೊಂದು ಹೊಳೆಯಿತು. ಕುರ್ಚಿ ಹತ್ತಿ ನಿಂತ.

"ನೆರೆಯವರೇ! ಈ ದುಡ್ಡಲ್ಲಿ ನಿಮ್ಮ ಬೆವರಿದೆ. ಇದನ್ನ ಆ ಕಳ್ಳರಿಗೆ ಕೊಡ್ಲಾ? ಆಟಕ್ಕೆ ಕಾಸು ಕಟ್ಟಬೇಕು ಅಂದ್ರೆ ನಾನು ಸಾಯೋವರೆಗೂ ಆ ಆಟ ಮುಟ್ಟಲ್ಲ, ಯಾರನ್ನೂ ಕಟ್ಟೋಕೆ ಬಿಡಲ್ಲ! ಈ ದುಡ್ಡು ಅಡುಗೆಮನೆ ಸೂರಿಗೆ!"

ಮರುಕ್ಷಣ ಚಪ್ಪಾಳೆಯ ಸುರಿಮಳೆ. ಹೆರ್ಮೆಲಿಂದಾ ಅವನನ್ನು ಅಪ್ಪಿಕೊಂಡು ಅತ್ತಳು. ಫ್ರೋಯ್ಲಾನ್ ಕೂಡ ಟೋಪಿ ತೆಗೆದ. ಎಲಿಸೆಯೊ ಕುರ್ಚಿ ಇಳಿದು ಆ ದಿನದ ಮೊದಲ ನೆಮ್ಮದಿಯ ಉಸಿರು ಬಿಟ್ಟ. ಏಳು ಗಂಟೆಯವರೆಗೆ ಕೇರಿಯವರೆಲ್ಲ ಅವನಿಗೆ ಬಿಯರ್ ಕುಡಿಸಿದರು.

ಏಳಕ್ಕೆ ಗುಮೆರ್ಸಿಂದೊ ಮೊಬೈಲ್ ಎತ್ತಿ ಹಿಡಿದು ಓಡಿ ಬಂದ.

"ಎಲಿಸೆಯೊ! ನಿನ್ನ ಭಾಷಣ ನೆಟ್‌ಗೆ ಹಾಕಿದ್ನಲ್ಲ, ಇಡೀ ದೇಶ ನೋಡಿ ಕಂಪನಿಗೆ ಛೀಮಾರಿ ಹಾಕಿದೆ! ಕಂಪನಿಯವರು ಮಣಿದ್ರು ಕಣೋ! ಇನ್ಮೇಲೆ ಜೊತೆಲಿ ಆಡೋದು ಪೂರಾ ಪುಕ್ಕಟೆ. ಈಗ ತಾನೇ ನಮ್ಮ ಕಂಪ್ಯೂಟರ್‌ಗಳೆಲ್ಲ ತೆರಕೊಂಡ್ವು!"

ಜನ ಹುಚ್ಚೆದ್ದು ಕುಣಿದರು. ಎಲಿಸೆಯೊ ಕೈಯಲ್ಲಿದ್ದ ಬಿಯರ್ ಲೋಟ ಕೆಳಗಿಟ್ಟ.

"ಹಂಗಾದ್ರೆ... ಒಬ್ಬರೇ ಆಡೋದು? ಕಂಪ್ಯೂಟರ್ ಜೊತೆ? ಅದು ಮೊದಲಿನ ಹಂಗೇ ತಾನೇ?"

ಗುಮೆರ್ಸಿಂದೊ ಮೊಬೈಲ್ ನೋಡಿದ. "ಇಲ್ಲ. ನಷ್ಟ ತುಂಬಿಸ್ಕೊಳ್ಳೋಕೆ ಆ ನಾನ್ನೂರನ್ನ ಅದರ ಮೇಲೆ ಹಾಕಿದ್ದಾರೆ. ನಿಂಗ್ಯಾಕೆ ಆ ಚಿಂತೆ? ಯಾರನ್ನೂ ಕಟ್ಟೋಕೆ ಬಿಡಲ್ಲ ಅಂತ ನೀನೇ ಹೇಳಿದ್ಯಲ್ಲ, ಅಂಗಡಿಯವನಾಗಿ ನಾನಂತೂ ಒಂದು ಕಾಸೂ ಕಟ್ಟಲ್ಲ."

ಕಂಪ್ಯೂಟರ್ ಅಂಗಡಿಯಲ್ಲಿ ಫ್ರೋಯ್ಲಾನ್ ಅವನಿಗೆ ಕುರ್ಚಿ ಎಳೆದು ಕೊಟ್ಟು ತಾನು ಪಕ್ಕದ ಕಂಪ್ಯೂಟರಿಗೆ ಕೂತ. ಎಲಿಸೆಯೊ ಕೂತ. ನಾಲ್ಕು ನಿಮಿಷಕ್ಕೆ ಅವನ ಏಳೂ ಕೋಟೆ ಉರುಳಿದವು.

ಎಲಿಸೆಯೊ ತಲೆಯೆತ್ತಲಿಲ್ಲ. ಹೆರ್ಮೆಲಿಂದಾ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು. "ಬಿಡು ಮಗನೇ, ಹೋದ್ರೆ ಹೋಯ್ತು" ಎಂದಳು. ಅವನ ಕಣ್ಣು ತುಂಬಿ ಬಂತು. ಆಕೆ ಪರದೆಯನ್ನೇ ದಿಟ್ಟಿಸುತ್ತ ಕೈಯ ಎಣ್ಣೆ ಒರೆಸಿಕೊಂಡಳು.

"ಇಷ್ಟು ಸುಲಭಾನಾ ಇದು? ಫ್ರೋಯ್ಲಾನ್, ಏಳು ಮೇಲೆ. ಈ ಎಲಿಸೆಯೊನ್ನ ನಾನೂ ಒಂದು ಕೈ ನೋಡ್ತೀನಿ."

"ಆಮೇಲೆ ನಂದು!" ಎಂದು ದೋನ್ಯಾ ಎದುವಿಹೆಸ್ ಕೋಲೂರಿಕೊಂಡು ಆಕೆಯ ಹಿಂದೆ ಬಂದು ನಿಂತಳು. ಅವಳ ಹಿಂದೆ ಬೇಕರಿಯವನು, ಅವನ ಹಿಂದೆ ಬೇಕರಿಯವನ ಹೆಂಡತಿ. ನೋಡುನೋಡುತ್ತಿದ್ದಂತೆ ಸಾಲು ಬಾಗಿಲು ದಾಟಿ ಬೀದಿಗಿಳಿಯಿತು.