ಮಿಸ್ಟರ್ ಎದುರಿಗೇ ಮಿಸ್ಟರ್ ಆದದ್ದು

ಎದುರಿಗೆ ಕುಳಿತವರಿಗೆ ನಮ್ಮ ಭಾಷೆ ಬಾರದಿದ್ದರೆ ಅವರನ್ನು ಅವರ ಮುಂದೆಯೇ ಧಾರಾಳವಾಗಿ ಅಣಕಿಸಬಹುದು ಎಂದು ನಂಬಿದ್ದ ಮೂರ್ಖ ನಾನೇ. ತಪ್ಪನ್ನು ಬೇರೆ ಯಾರ ತಲೆಗಾದರೂ ಕಟ್ಟೋಣವೆಂದು ಸಾಕಷ್ಟು ಹುಡುಕಿದೆ, ಸಿಗಲಿಲ್ಲ. ಅಣಕಿಸುವವನ ಬಂಡವಾಳವೆಂದರೆ ಕೈ, ಕಾಲು, ಕತ್ತು, ಹುಬ್ಬು. ಇವು ಯಾವುದಕ್ಕೂ ಕನ್ನಡ ಬೇಕಿಲ್ಲ. ಇಷ್ಟು ಸಣ್ಣ ವಿಷಯ ಹುಟ್ಟಿದಾಗಿನಿಂದ ಇದೇ ಕಸುಬು ಮಾಡಿಕೊಂಡು ಬಂದವನಿಗೆ ಹೊಳೆಯಬೇಕಿತ್ತು. ಹೊಳೆಯಿತು ಕೂಡ. ಆದರೆ ಆಗ ನಾನು ವೇದಿಕೆಯ ಮೇಲಿದ್ದೆ, ಸಭೆಯಲ್ಲಿದ್ದವರೆಲ್ಲ ಒಮ್ಮೆ ನನ್ನನ್ನೂ ಒಮ್ಮೆ ಮೊದಲ ಸಾಲಿನಲ್ಲಿ ಮೈಸೂರು ಪೇಟ ತೊಟ್ಟು ಕುಳಿತಿದ್ದ ಮುಖ್ಯ ಅತಿಥಿಯನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಈ ಚಟ ಚಿಕ್ಕಂದಿನದು. ಮಂಡ್ಯದ ನಮ್ಮ ಬೀದಿಯಲ್ಲಿ ಪಕ್ಕದ ಮನೆಯ ಶಿವಣ್ಣನವರು ಸ್ಕೂಟರ್ ಸ್ಟಾರ್ಟ್ ಮಾಡುವ ಮುಂಚೆ ಒಂದು ವಿಶಿಷ್ಟ ರೀತಿಯಲ್ಲಿ ಕೆಮ್ಮುತ್ತಿದ್ದರು. ನಾನು ಅದೇ ಕೆಮ್ಮು ಕೆಮ್ಮಿದರೆ ಅವರ ಹೆಂಡತಿ ಒಳಗಿನಿಂದ ಊಟದ ಡಬ್ಬಿ ಹಿಡಿದುಕೊಂಡು ಓಡಿ ಬರುತ್ತಿದ್ದರು, ಭಾನುವಾರವಾದರೂ ಸರಿಯೇ. ಅಮೆರಿಕಕ್ಕೆ ಬಂದ ಮೇಲೆ ಗಂಭೀರನಾಗಬೇಕೆಂದು ಮಾಡಿದ್ದೆ. ಅಷ್ಟರಲ್ಲಿ ಲಾಕ್‌ಡೌನ್ ಬಂದು ರೆಸ್ಟನ್ನಿನ ನಮ್ಮ ಆಫೀಸಿನ ಮೀಟಿಂಗುಗಳೆಲ್ಲ ಕಂಪ್ಯೂಟರಿನೊಳಕ್ಕೆ ಹೋದವು. ಒಂದು ದಿನ ಬೇಸರಕ್ಕೆ ಕ್ಯಾಮೆರಾ ಆಫ್ ಮಾಡಿ ಬಾಸ್ ದನಿಯಲ್ಲಿ "ಓಕೆ ಟೀಮ್, ಇವತ್ತಿಗೆ ಇಷ್ಟು ಸಾಕು" ಎಂದು ಇಂಗ್ಲಿಷಿನಲ್ಲಿ ಅಂದೆ. ಎಲ್ಲರೂ ಮೀಟಿಂಗ್ ಬಿಟ್ಟು ಹೋದರು. ಬಾಸ್ ಕೂಡ ಹೋದರು. ಅಂದಿನಿಂದ ನನ್ನ ಕಲೆಯ ಮೇಲೆ ನನಗೆ ಅತಿಯಾದ ಭರವಸೆ ಬಂದುಬಿಟ್ಟಿತು. ನನ್ನನ್ನೂ ನಾನು ಬಿಟ್ಟವನಲ್ಲ. ಅಮ್ಮನ ಜೊತೆ ಮಾತಾಡುವ ನನ್ನ ದನಿ, ವೀಸಾ ನೋಡಿಕೊಳ್ಳುವ ಲಾಯರ್ ಜೊತೆ ಮಾತಾಡುವ ನನ್ನ ದನಿ, ಎರಡನ್ನೂ ಮಾಡಿ ತೋರಿಸುತ್ತೇನೆ. ಎರಡನೆಯದರಲ್ಲಿ ವಿನಯ ಎಷ್ಟಿರುತ್ತದೆಂದರೆ ನಮ್ಮಮ್ಮ ಕೇಳಿದರೆ ಯಾರ ಮಗ ಎಂದು ವಿಚಾರಿಸಿಯಾಳು.

ಇನ್ನು ಮುಖ್ಯ ಅತಿಥಿಯ ವಿಷಯ. ನಾನಿರುವ ಸ್ಟರ್ಲಿಂಗಿನಲ್ಲಿ ನಾವು ಒಂದಿಷ್ಟು ಕನ್ನಡದ ಹುಡುಗರು ವಾರಕ್ಕೆರಡು ಸಂಜೆ ಟೌನ್‌ಹೌಸುಗಳ ಹಿಂದಿನ ಪಾರ್ಕಿನಲ್ಲಿ ಫುಟ್‌ಬಾಲ್ ಆಡುತ್ತೇವೆ. ಆಡುತ್ತೇವೆ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಒಂದು ಸಂಜೆ ವಾಕಿಂಗ್ ಬಂದಿದ್ದ ಬಿಳಿ ಕೂದಲ ಹಿರಿಯರೊಬ್ಬರು ಬಹಳ ಹೊತ್ತು ನೋಡುತ್ತ ನಿಂತರು. ಕೊನೆಗೆ ತಡೆಯಲಾಗದೆ ನೇರ ಮೈದಾನದೊಳಗೆ ಬಂದು, ನಮ್ಮ ಗೋಲ್‌ಕೀಪರ್ ಪ್ರವೀಣನ ಎರಡೂ ಭುಜ ಹಿಡಿದು, ಸೋಫಾ ಸರಿಸುವಂತೆ ಸರಿಸಿ, "ಗೋಲು ಇಲ್ಲಿದೆ, ಮೈ ಫ್ರೆಂಡ್" ಎಂದರು. ಪ್ರವೀಣ ಹುಬ್ಬಳ್ಳಿಯವನು, ನನ್ನ ರೂಮ್‌ಮೇಟು, ಯಾರಾದರೂ ಮೈ ಮುಟ್ಟಿದರೆ ಸುಮ್ಮನಿರುವ ಜಾತಿಯಲ್ಲ. ಅವನೇ ಸುಮ್ಮನೆ ನಿಂತುಬಿಟ್ಟ. ಆ ಹಿರಿಯರ ಹೆಸರು ಅದೆಲಿನೊ. ಪೋರ್ಚುಗಲ್ಲಿನವರು, ಮೊದಲು ಆಟಗಾರ, ಆಮೇಲೆ ಮ್ಯಾನೇಜರ್. ಮಗಳು ಇಲ್ಲಿ ಕೆಲಸದಲ್ಲಿದ್ದಾಳೆಂದು ಬಂದವರು ಮೊಮ್ಮಗು ನೋಡಿಕೊಳ್ಳುತ್ತ ಉಳಿದುಕೊಂಡಿದ್ದರು. ಅವರ ದೇಶದಲ್ಲಿ ಆಟಗಾರರು ತಂಡದ ಮ್ಯಾನೇಜರನ್ನು 'ಮಿಸ್ಟರ್' ಎಂದೇ ಕರೆಯುತ್ತಾರಂತೆ. ನಾವೂ ಹಾಗೇ ಕರೆಯತೊಡಗಿದೆವು. ನಮ್ಮ ಕನ್ನಡ ಕೂಟದ ಆಂಟಿಯರಿಗೆ ಹಿರಿಯರನ್ನು ಬರೀ ಮಿಸ್ಟರ್ ಅನ್ನುವುದು ಒರಟೆನಿಸಿ, ಅವರು 'ಮಿಸ್ಟರ್ ಅಂಕಲ್' ಮಾಡಿದರು.

ಅಭ್ಯಾಸ ಮುಗಿದ ಮೇಲೆ ಕೋಡುಬಳೆ ತಿನ್ನುತ್ತ ಮಿಸ್ಟರ್ ತಮ್ಮ ವೃತ್ತಿಯ ಕಥೆ ಹೇಳುತ್ತಿದ್ದರು. ಸಮುದ್ರದ ಪಕ್ಕದ ಯಾವುದೋ ಊರು. ಅದರ ಹೆಸರನ್ನು ಮೂಗಿನಲ್ಲಿ ಉಚ್ಚರಿಸಬೇಕು, ನೆಗಡಿಯಿದ್ದರೆ ಅನುಕೂಲ. ಅಪ್ಪ ಮೀನುಗಾರ. ಮಗ ಬಲೆ ಹಿಡಿಯದೆ ಚೆಂಡು ಹಿಡಿದ. ರೈಟ್ ಬ್ಯಾಕ್ ಆಗಿ ಸಣ್ಣ ಕ್ಲಬ್ಬುಗಳಲ್ಲಿ ಆಡಿ, ಒಮ್ಮೆ ದೊಡ್ಡ ಕ್ಲಬ್ಬೊಂದಕ್ಕೂ ಹೋದ. ಅಲ್ಲಿ ಒಂದಿಡೀ ಸೀಸನ್ ಆಡಲು ಅವಕಾಶ ಸಿಗದೆ ಬೆಂಚಿನ ಮೇಲೆ ಕುಳಿತು, ಪ್ಯಾಂಟಿನ ಹಿಂಭಾಗ ಸವೆಸಿ, ಮರಳಿ ಸಣ್ಣ ಕ್ಲಬ್ಬಿಗೆ ಬಂದ. ಮಂಡಿ ಮುರಿಯಿತು. ಓಡಲಾಗದವನು ಓಡಿಸುವವನಾದ. ಅಲ್ಲಿಂದ ಮುಂದೆ ಅವರ ಕಥೆಯಲ್ಲಿ ಬರೀ ಕ್ಲಬ್ಬಿನ ಅಧ್ಯಕ್ಷರು ಮತ್ತು ಸೂಟ್‌ಕೇಸು. ಒಬ್ಬ ಅಧ್ಯಕ್ಷ ಅವರನ್ನು ತೆಗೆದುಹಾಕಿ, ಮತ್ತೆ ಕರೆಸಿ, ಮತ್ತೆ ತೆಗೆದುಹಾಕಿದನಂತೆ. ಎರಡನೆಯ ಸಲ ಅವನಿಗೇ ನಾಚಿಕೆಯಾಗಿ ಒಂದು ಪೆಟ್ಟಿಗೆ ವೈನು ಕೊಟ್ಟನಂತೆ. "ಸೋತ ಮೇಲೆ ಅಧ್ಯಕ್ಷ ಬೈದರೆ ಭಯವಿಲ್ಲ. ಶುಕ್ರವಾರ ಬಂದು ಅಪ್ಪಿಕೊಂಡರೆ ಮಾತ್ರ ಸೋಮವಾರ ಬಟ್ಟೆ ಮಡಚು" ಅನ್ನುತ್ತಿದ್ದರು. ಒಂದು ಸಲ ಮಾತ್ರ, ಬೆಟ್ಟದ ಮೇಲಿನ ಪುಟ್ಟ ಊರಿನ ತಂಡವನ್ನು ಮೇಲಿನ ದರ್ಜೆಗೆ ಏರಿಸಿದರು. ಊರವರು ಹೆಗಲ ಮೇಲೆ ಹೊತ್ತು ಮೆರೆಸಿದರು. ಮುಂದಿನ ವರ್ಷ ತಂಡ ಮತ್ತೆ ಕೆಳಗಿಳಿದಾಗ ಅದೇ ಊರವರು ಅವರ ಮನೆಗೆ ತರಕಾರಿ ಮಾರಲೂ ಒಪ್ಪಲಿಲ್ಲ. ಇದನ್ನೆಲ್ಲ ಅವರು ಬೇಸರದಿಂದ ಹೇಳುತ್ತಿರಲಿಲ್ಲ. ಯಾರದೋ ಮದುವೆಯಲ್ಲಿ ಊಟ ಸಾಲದೇ ಹೋದ ಕಥೆಯಂತೆ ನಗುನಗುತ್ತ ಹೇಳುತ್ತಿದ್ದರು. (ಅವರ ಇಂಗ್ಲಿಷನ್ನು ನಾನಿಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ. ದನಿಸಮೇತ ಬೇಕಾದವರು ನನ್ನನ್ನು ಖುದ್ದಾಗಿ ಕಾಣಬಹುದು.)

ಇಂಥ ಮನುಷ್ಯ ಕಣ್ಣೆದುರಿಗಿದ್ದರೆ ನನ್ನಂಥವನು ಸುಮ್ಮನಿರುವುದು ಹೇಗೆ? ಒಂದೆರಡು ತಿಂಗಳಲ್ಲಿ ಅವರು ನನಗೆ ಬಾಯಿಪಾಠವಾದರು. ಯಾರಾದರೂ ಸುಲಭದ ಗೋಲು ತಪ್ಪಿಸಿದರೆ ಅವರು ಬೈಯುವುದಿಲ್ಲ. ಮೊದಲು ಆಕಾಶ ನೋಡುತ್ತಾರೆ, ಅಲ್ಲಿಂದ ವಿವರಣೆ ಬರಬೇಕೆಂಬಂತೆ. ಬರುವುದಿಲ್ಲ. ಆಮೇಲೆ ಕನ್ನಡಕ ತೆಗೆದು ಸ್ವೆಟರಿನ ಅಂಚಿನಲ್ಲಿ ನಿಧಾನವಾಗಿ ಒರೆಸುತ್ತಾರೆ, ತಪ್ಪು ಗಾಜಿನದಿರಬಹುದು ಎಂದು ಆಟಗಾರನಿಗೆ ಕೊನೆಯ ಅವಕಾಶ ಕೊಟ್ಟಂತೆ. ಮತ್ತೆ ಹಾಕಿಕೊಂಡು ನೋಡುತ್ತಾರೆ. ಅವನೇ ನಿಂತಿರುತ್ತಾನೆ. ಆಗ ಒಂದು ನಿಟ್ಟುಸಿರು, "ಮೈ ಫ್ರೆಂಡ್..." ಎಂದು ಶುರು. ರೂಮಿನಲ್ಲಿ ನಾನು ಇದನ್ನು ಮಾಡಿದರೆ ಪ್ರವೀಣ ನಕ್ಕು ನಕ್ಕು ಚಪಾತಿ ಸುಡುತ್ತಿದ್ದ.

ಇಲ್ಲಿ ನನ್ನ ಆಟದ ಬಗ್ಗೆಯೂ ಎರಡು ಮಾತು ಹೇಳಬೇಕು, ಎರಡಕ್ಕಿಂತ ಹೆಚ್ಚು ಇಲ್ಲ. ಪ್ರತಿವರ್ಷ ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್ ಕನ್ನಡಿಗರ ತಂಡದೊಡನೆ ನಮಗೊಂದು ಪಂದ್ಯವಿರುತ್ತದೆ. ಪ್ರತಿವರ್ಷ ನಾನು ಜರ್ಸಿ ತೊಟ್ಟು, ಮೈ ಬಿಸಿ ಮಾಡಿಕೊಂಡು, ಎಲ್ಲರಿಗೂ ಕಿತ್ತಳೆ ಹೋಳು ಹಂಚಿ ವಾಪಸ್ಸು ಬರುತ್ತೇನೆ. ಈ ಸಲ ಲೆಫ್ಟ್ ವಿಂಗಿನ ಹುಡುಗ ತಮ್ಮನ ಮದುವೆಗೆಂದು ಊರಿಗೆ ಹೋದ. ಗುರುವಾರ ಸಂಜೆ ಮಿಸ್ಟರ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಭಾನುವಾರ ನೀನು ಆಡುತ್ತೀಯ. ಶುರುವಿನಿಂದ" ಎಂದರು. ವೀಸಾ ಲಾಟರಿಯಲ್ಲಿ ಹೆಸರು ಬಂದಾಗಲೂ ನಾನು ಇಷ್ಟು ಮೆರೆದಿರಲಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. ಕ್ಲಾರ್ಕ್ಸ್‌ಬರ್ಗಿನ ಗೆಳೆಯರಿಗೆ ಫೋನ್ ಮಾಡಿ ಎಚ್ಚರಿಕೆ ಕೊಟ್ಟೆ. ಅಮ್ಮನಿಗೂ ಹೇಳಿದೆ.

"ಬೆಳಗ್ಗೆ ಏನಾದ್ರೂ ತಿನ್ಕೊಂಡು ಹೋಗೋ. ಚೆಂಡು ನಿನ್ ಹತ್ರ ಬಂದ್ರೆ ಇಟ್ಕೋಬೇಡ, ಬೇರೆಯವರಿಗೆ ಕೊಟ್ಬಿಡು. ಯಾಕೆ ಬೇಕು" ಎಂದಳು ಅಮ್ಮ. ಮಿಸ್ಟರ್ ತಿಂಗಳುಗಟ್ಟಲೆ ಹೇಳಿದ್ದೂ ಇದನ್ನೇ.

ಭಾನುವಾರ ಪಂದ್ಯವಾದರೆ ಶನಿವಾರ ನಮ್ಮ ಕೂಟದ ರಾಜ್ಯೋತ್ಸವ. ಇಲ್ಲಿ ರಾಜ್ಯೋತ್ಸವವು ಹೈಸ್ಕೂಲಿನ ಆಡಿಟೋರಿಯಂ ಖಾಲಿ ಸಿಕ್ಕ ಶನಿವಾರ ಬರುತ್ತದೆ. ಅದರಲ್ಲಿ ನನ್ನದೊಂದು ನಗೆ ಕಾರ್ಯಕ್ರಮ ಮೊದಲೇ ನಿಗದಿಯಾಗಿತ್ತು, ವಿಷಯ ಮಿಸ್ಟರ್. ಶುಕ್ರವಾರ ಕೂಟದ ಕಾರ್ಯದರ್ಶಿ ವತ್ಸಲಾ ಆಂಟಿಯ ಫೋನು ಬಂತು. ಮುಖ್ಯ ಅತಿಥಿಯಾಗಬೇಕಿದ್ದ ಡಾಕ್ಟರಿಗೆ ಡ್ಯೂಟಿ ಬಿದ್ದಿತ್ತು.

"ಚೇತು, ನಿಮ್ ಮಿಸ್ಟರ್ ಅಂಕಲ್ ನಾಳೆ ಫ್ರೀ ಇದಾರಾ?"

"ಯಾಕೆ ಆಂಟಿ?"

"ಚೀಫ್ ಗೆಸ್ಟ್ ಇಲ್ದೆ ಪ್ರೋಗ್ರಾಂ ಮಾಡೋಕಾಗುತ್ತೇನೋ? ಶಾಲು ತಂದಾಗಿದೆ, ಹಣ್ಣಿನ ಬುಟ್ಟಿ ಆರ್ಡರ್ ಮಾಡಾಗಿದೆ, ಪೇಟನೂ ರೆಡಿ. ಒಂದು ತಲೆ ಬೇಕು ಅಷ್ಟೆ."

"ಆಂಟಿ, ನನ್ ಐಟಂ ಅವರ ಮೇಲೇನೇ ಇರೋದು."

"ಒಳ್ಳೇದೇ ಆಯ್ತಲ್ಲ, ಅತಿಥಿಗೆ ಗೌರವ ಕೊಟ್ಟಂಗಾಯ್ತು. ಎಂಟು ನಿಮಿಷ ದಾಟಿದ್ರೆ ಮೈಕ್ ಆಫ್ ಮಾಡಿಸ್ತೀನಿ" ಎಂದು ಆಂಟಿ ಫೋನ್ ಇಟ್ಟರು.

ನಾನು ಆಗಲೇ ಬೇರೆ ಏನಾದರೂ ಮಾಡಬಹುದಿತ್ತು. ಬಾಸ್ ಇದ್ದರು, ವಿಮಾನ ನಿಲ್ದಾಣದ ಘೋಷಣೆಗಳಿದ್ದವು, ವತ್ಸಲಾ ಆಂಟಿಯೇ ಇದ್ದರು. ಆದರೆ ಪಕ್ವವಾದ ಅಣಕನ್ನು ಒಳಗೇ ಇಟ್ಟುಕೊಳ್ಳುವುದೆಂದರೆ ಬಂದ ಸೀನನ್ನು ತಡೆದಂತೆ, ಮೂಗಿಗೂ ಕಣ್ಣಿಗೂ ಹಿಂಸೆ. ಪ್ರವೀಣ ಮಾತ್ರ ಕೇಳಿದ: "ಲೇ, ನಾಳಿಲ್ಲ ನಾಡದು ಮ್ಯಾಚ್ ಐತಿ. ಅವರ ಮುಂದ ಅವರನ್ನ ಮಾಡ್ತೀಯೇನ? ತಲಿ ನೆಟ್ಟಗ ಐತಿಲ್ಲೋ ನಿಂದು?"

"ಪೂರ್ತಿ ಕನ್ನಡದಲ್ಲಿ ಮಾಡ್ತೀನಿ ಕಣೋ. ಅವರಿಗೇನು ಗೊತ್ತಾಗುತ್ತೆ?"

"ಅವರಿಗೆ ಕನ್ನಡ ಬರಂಗಿಲ್ಲ, ಖರೆ. ಕಣ್ಣೂ ಕಾಣಂಗಿಲ್ಲೇನ?"

ಹುಬ್ಬಳ್ಳಿಯವರು ಸಮಯ ಎಷ್ಟೆಂದು ಕೇಳಿದರೂ ನಮ್ಮ ಮಂಡ್ಯದವರ ಕಿವಿಗೆ ಜಗಳದಂತೆಯೇ ಕೇಳಿಸುವುದರಿಂದ, ಇದೊಂದು ಸಲಹೆ ಎಂದು ನಾನು ತಿಳಿಯಲಿಲ್ಲ.

ಶನಿವಾರ ಮಿಸ್ಟರ್ ಇಸ್ತ್ರಿ ಮಾಡಿದ ಕೋಟು ತೊಟ್ಟು, ಹೇಳಿದ ಸಮಯಕ್ಕೆ ಸರಿಯಾಗಿ ಬಂದು, ಖಾಲಿ ಆಡಿಟೋರಿಯಮ್ಮಿನಲ್ಲಿ ಒಬ್ಬರೇ ಕುಳಿತಿದ್ದರು. ಕನ್ನಡಿಗರು ಆಮೇಲೆ ಒಬ್ಬೊಬ್ಬರಾಗಿ ಬಂದರು. ವತ್ಸಲಾ ಆಂಟಿ ಅತಿಥಿ ಪರಿಚಯ ಮಾಡಿದರು: "ಕಾಲ್ಚೆಂಡಿನ ಕ್ಷೇತ್ರದಲ್ಲಿ ಅಪಾರ ಸೇವೆ ಸಲ್ಲಿಸಿ, ಹಲವಾರು ಸಂಸ್ಥೆಗಳನ್ನು ಯಶಸ್ವಿಯಾಗಿ ಮುನ್ನಡೆಸಿ..." ಆ ಹಲವಾರು ಸಂಸ್ಥೆಗಳೂ ಅವರನ್ನು ಯಶಸ್ವಿಯಾಗಿ ಮನೆಗೆ ಕಳಿಸಿದ್ದು ಸಭೆಯಲ್ಲಿ ನಮ್ಮ ತಂಡದವರಿಗಷ್ಟೇ ಗೊತ್ತು. ಶಾಲು ಹೊದಿಸಿದರು, ಪೇಟ ತೊಡಿಸಿದರು. ಕೊನೆಗೆ ಕೂಟದ ಅಧ್ಯಕ್ಷರು ಪ್ರೀತಿಯಿಂದ ಅಪ್ಪಿಕೊಂಡರು. ಮಿಸ್ಟರ್ ಮುಖ ಕ್ಷಣಕಾಲ ಬಿಳುಚಿತು. ಯಾವ ಕೆಲಸ ಹೋಯಿತೋ ಎಂದು ಅವರ ಅನುಭವ ಲೆಕ್ಕ ಹಾಕುತ್ತಿದ್ದಿರಬೇಕು.

ನನ್ನ ಸರದಿ ಬಂತು. ಹತ್ತಿ ಅಂಟಿಸಿದ ಹುಬ್ಬು, ಒಂದು ಕನ್ನಡಕ, ಪ್ರವೀಣನ ಸ್ವೆಟರು, ಕುಂಟು ನಡಿಗೆ. ಮೀನುಗಾರನ ಮಗನಿಂದ ಶುರು ಮಾಡಿದೆ. ಬೆಂಚಿನ ಮೇಲೆ ಸವೆದ ಪ್ಯಾಂಟು, ವೈನು ಕೊಟ್ಟು ಕಳಿಸಿದ ಅಧ್ಯಕ್ಷ, ಹೆಗಲ ಮೇಲೆ ಹೊತ್ತು ಮೆರೆಸಿದವರೇ ಬದನೆಕಾಯಿ ಮಾರದೇ ಹೋದದ್ದು, ಒಂದೊಂದಕ್ಕೂ ನಗು ಅಲೆಯಲೆಯಾಗಿ ಬಂತು. ನಾನು ಉಬ್ಬಿಹೋದೆ. ಆಗ ಒಂದು ವಿಚಿತ್ರ ಗಮನಕ್ಕೆ ಬಂತು. ನಾನು ಕೈ ಆಡಿಸಿದಾಗಲೆಲ್ಲ ಜನ ನನ್ನನ್ನು ನೋಡಿ, ಥಟ್ಟನೆ ತಿರುಗಿ ಮೊದಲ ಸಾಲನ್ನು ನೋಡಿ, ಮತ್ತಷ್ಟು ನಗುತ್ತಿದ್ದರು. ಮಿಸ್ಟರ್ ನಗುತ್ತಿರಲಿಲ್ಲ. ಪಂದ್ಯ ನೋಡುವ ಹಾಗೆ ಮುಂದಕ್ಕೆ ಬಾಗಿ ನೋಡುತ್ತಿದ್ದರು. ನನ್ನ ಎದೆಯಲ್ಲಿ ಭಾನುವಾರ ಮೆಲ್ಲಗೆ ಕುಸಿಯತೊಡಗಿತು. ಆದರೆ ಬಾಯಿ ನಿಲ್ಲಲಿಲ್ಲ, ಅದು ಯಾವತ್ತೂ ನಿಂತದ್ದಲ್ಲ. ಕೊನೆಯ ಐಟಂ: ಆಕಾಶ ನೋಡಿದೆ, ಕನ್ನಡಕ ತೆಗೆದು ಸ್ವೆಟರಿನ ಅಂಚಿನಲ್ಲಿ ಒರೆಸತೊಡಗಿದೆ. ಸರಿಯಾಗಿ ಅದೇ ಹೊತ್ತಿಗೆ, ಕೆಳಗೆ, ನಿಜವಾದ ಮಿಸ್ಟರ್ ಚಾವಣಿಯತ್ತ ಒಮ್ಮೆ ನೋಡಿ, ತಮ್ಮ ಕನ್ನಡಕ ತೆಗೆದು, ಸನ್ಮಾನದ ಶಾಲಿನ ಅಂಚಿನಲ್ಲಿ ಒರೆಸತೊಡಗಿದರು. ಸಭೆ ಕುರ್ಚಿಯಿಂದ ಕೆಳಗೆ ಬಿತ್ತು. ವತ್ಸಲಾ ಆಂಟಿ ಮೈಕ್ ಆಫ್ ಮಾಡಿಸಲು ಎದ್ದವರು ಕಂಬ ಹಿಡಿದುಕೊಂಡು ನಿಂತರು.

ಊಟದ ಹೊತ್ತಿಗೆ ನಾನು ಪಾಯಸದ ಪಾತ್ರೆಯ ಹಿಂದೆ, ಆದಷ್ಟು ದೂರದಲ್ಲಿ ನಿಂತಿದ್ದೆ. ಪ್ರವೀಣ ತಟ್ಟೆ ಹಿಡಿದು ಬಂದ. "ನಾಳೆ ಕಿತ್ತಳಿ ಹಣ್ಣು ನಾ ತರ್ಲೇನೋ, ನೀನ ತರ್ತೀಯೋ?" ಎಂದು ಸಣ್ಣ ದನಿಯಲ್ಲಿ ಕೇಳಿದ. ವತ್ಸಲಾ ಆಂಟಿ ನನ್ನ ತೋಳು ಹಿಡಿದು, "ಹೋಗಿ ಸಾರಿ ಕೇಳ್ಬಾರೋ, ಹಿರಿಯರು" ಎಂದು ಎಳೆದುಕೊಂಡೇ ಹೋದರು.

ಮಿಸ್ಟರ್ ಪೇಟ ತೆಗೆಯದೆ ಬಿಸಿಬೇಳೆಬಾತ್ ತಿನ್ನುತ್ತಿದ್ದರು. ನಾನು ಲಾಯರ್ ಮುಂದೆ ತೆಗೆಯುವ ದನಿ ತೆಗೆದು, ತಮಾಷೆಗೆ ಮಾಡಿದ್ದು, ಬೇಜಾರಾಗಿದ್ದರೆ ಕ್ಷಮಿಸಬೇಕು ಎಂದೆಲ್ಲ ಶುರು ಮಾಡಿದೆ. ಅವರು ಚಮಚ ಎತ್ತಿ ತಡೆದರು.

"ಬೇಜಾರಾ? ನನ್ನ ಹೆಂಡತಿ ಇದ್ದಿದ್ದರೆ ಇವತ್ತು ಬಿದ್ದು ಬಿದ್ದು ನಗುತ್ತಿದ್ದಳು. ಮಂಡಿ ಸರಿಯಾಗಿ ಬಂತು. ಕೈಗಳೂ ಸರಿ. ಆಕಾಶ ನೋಡಿದ್ದು ಮಾತ್ರ ಸ್ವಲ್ಪ ಉದ್ದವಾಯಿತು, ಮೇಲಿನವನಿಗೂ ಕೆಲಸವಿರುತ್ತದೆ. ಎಲ್ಲಿ ಕಲಿತೆ ಇದನ್ನೆಲ್ಲ?"

ನನಗೆ ಹೋದ ಜೀವ ಬಂತು. ಬಂದ ಜೀವ ಸುಮ್ಮನಿರಬೇಕಲ್ಲ. "ಅಭ್ಯಾಸದಲ್ಲೇ ಮಿಸ್ಟರ್" ಎಂದು ಹೆಮ್ಮೆಯಿಂದ ಹೇಳಿದೆ. "ಪ್ರತಿ ಸಂಜೆ, ಶುರುವಿನಿಂದ ಕೊನೆಯವರೆಗೆ, ನಿಮ್ಮ ಮೇಲಿಟ್ಟ ಕಣ್ಣು ತೆಗೆದಿಲ್ಲ. ಹಾಗಾದರೆ ನಾಳೆ ನಾನು ಲೆಫ್ಟ್ ವಿಂಗ್ ತಾನೆ?"

ಮಿಸ್ಟರ್ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿ, ಪೇಟ ಸರಿಮಾಡಿಕೊಂಡು ಹೇಳಿದರು:

"ಮೈ ಫ್ರೆಂಡ್, ನನ್ನನ್ನು ಇಷ್ಟು ಚೆನ್ನಾಗಿ ನೋಡಿದವನು ಒಂದು ದಿನವೂ ಚೆಂಡನ್ನು ನೋಡಿಲ್ಲ. ನಾಳೆ ಬೆಂಚು."